ಪೈಪು, ಡ್ರಿಪ್, ಹೂತಿಟ್ಟ ಮಡಕೆ: ತರಕಾರಿ ಮಡಿಗೆ ಯಾವುದು?

ಮೂರು ಮಡಿ, ಒಂದೊಂದೂ 10 ಅಡಿ ಉದ್ದ, 4 ಅಡಿ ಅಗಲ. ಮೂರರಲ್ಲೂ ಎಂಟೆಂಟು ಟೊಮೆಟೊ ಗಿಡ, ಒಂದೇ ಗೊಬ್ಬರ, ಒಂದೇ ದಪ್ಪದ ಒಣಎಲೆ ಹೊದಿಕೆ. ಒಂದಕ್ಕೆ ಪೈಪಿನಲ್ಲಿ ನೀರು, ಇನ್ನೊಂದಕ್ಕೆ ಡ್ರಿಪ್, ಮತ್ತೊಂದಕ್ಕೆ ಮಣ್ಣಲ್ಲಿ ಹೂತ ಮಡಕೆ. ಎಷ್ಟು ನೀರು ಉಳಿಯಿತು ಅನ್ನುವುದಕ್ಕಿಂತ, ಏನಾದರೂ ಕೆಟ್ಟರೆ ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ ಅನ್ನುವುದರಲ್ಲೇ ಮೂರಕ್ಕೂ ಹೆಚ್ಚು ವ್ಯತ್ಯಾಸ.

ಪೈಪಿನ ತೊಂದರೆ ನಮ್ಮ ಅಂದಾಜಿನದು. ಹತ್ತು ಲೀಟರ್ ಬಕೆಟ್ 40 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 15 ಲೀಟರ್ ಬರುತ್ತಿದೆ ಎಂದರ್ಥ. ಈ ಅಳತೆಯ ಮಡಿಗೆ ಒಂದು ಇಂಚು ನೀರು ನಿಲ್ಲಿಸಬೇಕೆಂದರೆ ಸುಮಾರು 90 ಲೀಟರ್ ಬೇಕು, ಅಂದರೆ ಆರು ನಿಮಿಷ ಒಂದೇ ಮಡಿಯ ಮುಂದೆ ನಿಲ್ಲಬೇಕು. ಎರಡು ನಿಮಿಷಕ್ಕೇ ಮಣ್ಣು ಕಪ್ಪಗಾಗಿ ಹೊಳೆಯುತ್ತದೆ, ಸಾಕು ಅನ್ನಿಸಿಬಿಡುತ್ತದೆ. ಒಂದು ಗಂಟೆ ಬಿಟ್ಟು ಕೈಗುದ್ದಲಿಯಿಂದ ಕೆರೆದು ನೋಡಿ: ಮೇಲೆ ಎರಡು ಬೆರಳು ಒದ್ದೆ, ಅದರ ಕೆಳಗೆ ಹಿಟ್ಟಿನಂಥ ಒಣಮಣ್ಣು. ದಿನಾ ಹೀಗೆ ಮೇಲ್ಮೈ ಒದ್ದೆ ಮಾಡಿದರೆ ಬೇರು ಮೇಲೆಯೇ ಹರಡಿಕೊಳ್ಳುತ್ತದೆ, ಒಂದು ಮಧ್ಯಾಹ್ನದ ಬಿಸಿಲಿಗೇ ಗಿಡ ಜೋಲುತ್ತದೆ. ಎರೆಮಣ್ಣಾದರೆ ಅರ್ಧ ನೀರು ಕೊಟ್ಟು, 20 ನಿಮಿಷ ಬಿಟ್ಟು ಉಳಿದರ್ಧ ಕೊಡಿ. ಒಂದೇ ಸಲ ಬಿಟ್ಟರೆ ಇಂಗುವ ಮೊದಲೇ ಹರಿದುಹೋಗುತ್ತದೆ.

ಕಾಯಿಯ ತುದಿ ಕಪ್ಪಾಗಿ ಚರ್ಮದಂತೆ ಗಟ್ಟಿಯಾಗುವ ಕಾಟವೂ ಈ ಮಡಿಯಲ್ಲೇ ಹೆಚ್ಚು. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಸಾಗುವುದು. ಒಂದು ದಿನ ಕೆಸರು, ಮೂರು ದಿನ ಬರ ಎಂದಾದರೆ ಕಾಯಿಯ ತುದಿಗೆ ಅದು ತಲುಪುವುದಿಲ್ಲ. ಇಂಥ ಕಡೆ ಸುಣ್ಣ ಎರಚಿ ಪ್ರಯೋಜನವಿಲ್ಲ, ನೀರು ಒಂದೇ ಸಮನಾಗಬೇಕು. ಪೈಪಿನ ಗುಣವೆಂದರೆ, ನೀರು ಬಿಡುತ್ತಾ ನಿಂತವರಿಗೆ ಎಲೆಯ ಹುಳ, ಚುಕ್ಕೆ ಎಲ್ಲವೂ ಅವತ್ತೇ ಕಾಣುತ್ತವೆ.

ಡ್ರಿಪ್ ಇದಕ್ಕೆ ತದ್ವಿರುದ್ಧ. ಹಾಕಿದ ಮೇಲೆ ಯಾರೂ ಅದರತ್ತ ನೋಡುವುದಿಲ್ಲ, ಅದೂ ಸದ್ದಿಲ್ಲದೆ ಕೆಡುತ್ತದೆ. 16 ಮಿಮೀ ಕಪ್ಪು ಪೈಪು, ಗಿಡಕ್ಕೊಂದು ಡ್ರಿಪ್ಪರ್ (ಗಂಟೆಗೆ 2 ಲೀಟರ್ ಹನಿಸುವ ಸಣ್ಣ ಬಾಯಿ), ಪೈಪಿನ ಶುರುವಿನಲ್ಲಿ ಕಸ ತಡೆಯಲು 120 ಮೆಶ್ (ಇಂಚಿಗೆ 120 ಕಣ್ಣಿನ ಜಾಲರಿ) ಫಿಲ್ಟರ್: ಇಷ್ಟೇ ಸರಂಜಾಮು. ಗಂಟೆಗೆ ಎಂಟು ಗಿಡಕ್ಕೆ 16 ಲೀಟರ್, ಎಲೆ ಒದ್ದೆಯಾಗುವುದಿಲ್ಲ, ಮಣ್ಣು ಸಿಡಿಯುವುದಿಲ್ಲ, ಆದ್ದರಿಂದ ಕೆಳಗಿನ ಎಲೆಗಳಿಗೆ ಚುಕ್ಕೆರೋಗ ಬರುವುದೂ ಕಡಿಮೆ. ಮರಳು ಮಣ್ಣಿನಲ್ಲಿ ಮಾತ್ರ ಎಚ್ಚರ: ನೀರು ಅಗಲಕ್ಕೆ ಹರಡದೆ ಗೂಟದಂತೆ ನೇರ ಕೆಳಗಿಳಿಯುತ್ತದೆ, ಅಲ್ಲಿ ಗಿಡಕ್ಕೆ ಎರಡು ಡ್ರಿಪ್ಪರ್ ಬೇಕು.

ಟ್ಯಾಂಕಿನಿಂದ ಡ್ರಿಪ್ ನಡೆಸುವವರು ಎಡವುವುದು ಒತ್ತಡದಲ್ಲಿ. ಟ್ಯಾಂಕ್ ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.1 ಬಾರ್ ಅಷ್ಟೇ. ಒತ್ತಡ ಸರಿದೂಗಿಸುವ ಬಗೆಯ ಡ್ರಿಪ್ಪರ್‌ಗಳಿಗೆ ಅದು ಸಾಲದು, ಸಾದಾ ಡ್ರಿಪ್ಪರ್ ಹಾಕಿ. ಹಾಕಿದ ದಿನ ಮತ್ತು ಆಮೇಲೆ ಎರಡು ವಾರಕ್ಕೊಮ್ಮೆ ಮೊದಲನೆಯ ಮತ್ತು ಕೊನೆಯ ಡ್ರಿಪ್ಪರ್ ಅಡಿಗೆ ಲೋಟ ಇಟ್ಟು 15 ನಿಮಿಷ ಹಿಡಿಯಿರಿ. ಪೂರ್ತಿ ಒತ್ತಡವಿದ್ದರೆ 2 ಲೀಟರ್ ಡ್ರಿಪ್ಪರ್ ಅರ್ಧ ಲೀಟರ್ ಕೊಡಬೇಕು; ಟ್ಯಾಂಕಿನ ಕಡಿಮೆ ಒತ್ತಡದಲ್ಲಿ ಅಷ್ಟು ಬರುವುದಿಲ್ಲ, ಅಲ್ಲಿ ಎರಡೂ ಲೋಟ ಸಮವೇ ಎಂದಷ್ಟೇ ನೋಡಿ. ಮೊದಲನೆಯದರಲ್ಲಿ 500 ಮಿಲಿ ಬಂದು ಕೊನೆಯದರಲ್ಲಿ 350 ಬಂದರೆ ಪೈಪಿನ ಬಾಲದಲ್ಲಿ ಕಸ ಕೂತಿರಬಹುದು; ಎಂಡ್ ಕ್ಯಾಪ್ ಬಿಚ್ಚಿ ತಿಳಿನೀರು ಬರುವವರೆಗೆ ಹರಿಯಬಿಡಿ. ಗಡಸು ನೀರಾದರೆ ಬಾಯಿಗೆ ಬಿಳಿ ಹರಳು ಕಟ್ಟುತ್ತದೆ, ಡ್ರಿಪ್ಪರ್ ಕಿತ್ತು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಬೇಕು. ಇದನ್ನು ಮಾಡದವರಿಗೆ ಸುದ್ದಿ ತಲುಪಿಸುವುದು ಬಾಡಿದ ಗಿಡವೇ.

ಇನ್ನು ಮಡಕೆ. ನಮ್ಮ ಓಟು ಇದಕ್ಕೇ. ಒಳಗಿನ ನೀರನ್ನು ಗೋಡೆಯ ಸಣ್ಣ ರಂಧ್ರಗಳ ಮೂಲಕ ಒಣಮಣ್ಣು ಎಳೆದುಕೊಳ್ಳುತ್ತದೆ, ಮಣ್ಣು ಒದ್ದೆಯಾದರೆ ಎಳೆತ ತಗ್ಗುತ್ತದೆ. ಮಳೆ ಬಂದ ದಿನ ಯಾರೂ ಏನೂ ಬಂದ್ ಮಾಡಬೇಕಿಲ್ಲ. ಎರಡು ಗಿಡಕ್ಕೊಂದರಂತೆ 5 ಲೀಟರಿನ ನಾಲ್ಕು ಮಡಕೆ ಸಾಕು. ಬಣ್ಣವಾಗಲಿ ಮೆರುಗಾಗಲಿ ಇರಬಾರದು. ನೀರು ತುಂಬಿ ಒಣನೆಲದ ಮೇಲಿಡಿ: ಕೆಲವು ಗಂಟೆಯಲ್ಲಿ ಮೈಯೆಲ್ಲ ತಣ್ಣಗೆ ತೇವವಾದರೆ ಒಳ್ಳೆಯದು, ಒಂದೇ ಕಡೆ ತೊಟ್ಟಿಕ್ಕಿದರೆ ಬಿರುಕು, ಒಣಗಿಯೇ ಇದ್ದರೆ ಅದು ಈ ಕೆಲಸಕ್ಕೆ ಬಾರದು.

ಹೂಳುವಾಗ ಬಾಯಿ ನೆಲದಿಂದ ಎರಡು ಬೆರಳು ಮೇಲಿರಲಿ, ಇಲ್ಲವಾದರೆ ಮಣ್ಣು ಒಳಗೆ ಬೀಳುತ್ತದೆ. ಸುತ್ತಲೂ ಒಣಮಣ್ಣು ಸುರಿದರೆ ಸಂದಿನಲ್ಲಿ ಗಾಳಿ ಉಳಿಯುತ್ತದೆ, ಗಾಳಿ ಇದ್ದಲ್ಲಿ ನೀರು ದಾಟುವುದಿಲ್ಲ. ಮಣ್ಣನ್ನು ಮೆತ್ತಗೆ ಕಲಸಿ ಗೋಡೆಗೆ ಒತ್ತಿಕೊಂಡು ಬನ್ನಿ. ಗಿಡ ಮಡಕೆಯಿಂದ ಒಂದು ಗೇಣಿನೊಳಗಿರಲಿ. ಬಾಯಿಗೆ ಸರಿಯಾಗಿ ಕೂರುವ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ. ಗಿಡ ಚಿಕ್ಕದಿದ್ದಾಗ ತುಂಬಿದ ನೀರು ನಾಲ್ಕೈದು ದಿನ ಬಂತು, ಕಾಯಿ ಬಿಟ್ಟ ಬಿಸಿಲುದಿನಗಳಲ್ಲಿ ಎರಡೇ ದಿನ. ಅರ್ಧಕ್ಕಿಳಿದಾಗಲೇ ತುಂಬಿಸಿ, ನೀರು ತಾಗಿದ ಗೋಡೆ ಮಾತ್ರ ಜಿನುಗುವುದು. ದ್ರವಗೊಬ್ಬರ ಒಳಗೆ ಸುರಿಯಬೇಡಿ, ರಂಧ್ರ ಕಟ್ಟಿಕೊಳ್ಳುತ್ತದೆ. ನೀರಿಳಿಯುವುದು ನಿಧಾನವಾದರೆ ಬೆಳೆ ಮುಗಿದ ಮೇಲೆ ಕಿತ್ತು, ವಿನೆಗರ್ ನೀರಲ್ಲಿ ನೆನೆಸಿ, ಗಡಸು ಬ್ರಷ್‌ನಿಂದ ಉಜ್ಜಿ. ನೆಲ ಹೆಪ್ಪುಗಟ್ಟುವಷ್ಟು ಚಳಿ ಇರುವಲ್ಲಿ ಚಳಿಗಾಲಕ್ಕೆ ಮೊದಲೇ ತೆಗೆದಿಡಬೇಕು, ಒಡೆಯುತ್ತದೆ.

ಮಡಕೆ ಸೋಲುವುದು ಬೀಜದ ಮುಂದೆ. ಮೇಲಿನ ಅರ್ಧ ಇಂಚು ಒಣಗಿಯೇ ಇರುವುದರಿಂದ ಕಳೆ ಕಡಿಮೆಯೇನೋ ಹೌದು, ಆದರೆ ಕೊತ್ತಂಬರಿ, ಮೂಲಂಗಿಯೂ ಮೊಳೆಯುವುದಿಲ್ಲ. ಅವಕ್ಕೆ ಸಣ್ಣ ತೂತಿನ ಷವರ್ ಸಿಕ್ಕಿಸಿದ ಪೈಪೇ ಸರಿ. ನಾಟಿ ಮಾಡಿದ ಸಸಿಗೂ ಬೇರು ಮಡಕೆಯತ್ತ ಹೋಗುವವರೆಗೆ, ಅಂದರೆ ಸುಮಾರು ಎರಡು ವಾರ, ಮೇಲಿನಿಂದ ನೀರು ಬೇಕು. ಗಿಡ ಐವತ್ತು ದಾಟಿದರೆ ಮಡಕೆ ತುಂಬಿಸುವುದೇ ಒಂದು ಉದ್ಯೋಗವಾಗುತ್ತದೆ. ಅಲ್ಲಿ ಡ್ರಿಪ್ ಹಾಕಿ, ಲೋಟದ ಪರೀಕ್ಷೆ ಮರೆಯಬೇಡಿ. ಡ್ರಿಪ್ಪಿಗೆ ಹೊತ್ತಿಗೆ ಸರಿಯಾಗಿ ನೀರು ಬಿಟ್ಟು ನಿಲ್ಲಿಸುವ ಟೈಮರ್ ಇಟ್ಟಿದ್ದು, ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ಅದಕ್ಕೆ ಹೊಸ ಬ್ಯಾಟರಿ ಹಾಕಿ, ಹೊರಡುವ ಹಿಂದಿನ ಇಡೀ ದಿನ ಅದನ್ನು ಓಡಿಸಿ ನೋಡಿ.