ಹಳೆಯ ಉಕ್ಕಿನ ಸೈಕಲ್‌ಗೆ ಬಣ್ಣ ಹೊಡೆಸುವ ಮುನ್ನ ಕೊಳವೆಯ ಒಳಗನ್ನು ನೋಡಿ

ತೀರ್ಥಹಳ್ಳಿ ಸಮೀಪದ ತೋಟದ ಮನೆಯೊಂದರ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಒರಗಿದ್ದ, ತೊಂಬತ್ತರ ದಶಕದ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಉಕ್ಕಿನ ಮೌಂಟನ್ ಬೈಕನ್ನು ಕೊಂಡು ತಂದಿದ್ದೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ರಸ್ತೆಗಳಿಗೆ ಅಂಥ ಸೈಕಲ್ ಬಹಳ ಚೆನ್ನಾಗಿ ಒಗ್ಗುತ್ತದೆಂದು ಈಗಲೂ ನಂಬಿದ್ದೇನೆ. ಆದರೆ ಅದನ್ನು ದುರಸ್ತಿ ಮಾಡಿಸುವಾಗ ನಾನು ಎಡವಿದಲ್ಲಿ ಇನ್ನೊಬ್ಬರು ಎಡವಬಾರದು.

ಸೀಟಿನ ಅಲ್ಯೂಮಿನಿಯಂ ಕಂಬ ಉಕ್ಕಿನ ಕೊಳವೆಯೊಳಗೆ ಕಚ್ಚಿಕೊಂಡು ಅಲುಗಾಡದಂತಾಗಿತ್ತು. ಎತ್ತರ ನನಗೆ ಸರಿಹೊಂದಿದ್ದರಿಂದ ಹಾಗೆಯೇ ಬಿಟ್ಟೆ. ಪೆಡಲಿನ ಬುಡದ ಬಾಟಮ್ ಬ್ರಾಕೆಟ್ ಬಿಚ್ಚಿದಾಗ ಒಂದು ಚಮಚದಷ್ಟು ಕೆಂಪು ಪುಡಿ ಉದುರಿತು. ತೋಟದ ಮಣ್ಣೆಂದು ಬಗೆದು ಒರೆಸಿಬಿಟ್ಟೆ. ಅದು ತುಕ್ಕಾಗಿತ್ತು. ಶಿವಮೊಗ್ಗದಲ್ಲಿ ಮರಳು ಚಿಮ್ಮಿಸಿ ಹಳೆಯ ಬಣ್ಣ ತೆಗೆಸಿ, ಪುಡಿ ಬಣ್ಣವನ್ನು ಕಾಯಿಸಿ ಅಂಟಿಸುವ ಪೌಡರ್ ಕೋಟಿಂಗ್ ಮಾಡಿಸಿದ ಮೇಲೆ ಫ್ರೇಮ್ ಹೊಸದರಂತೆ ಹೊಳೆಯಿತು.

ಮೂರನೆಯ ಸವಾರಿಯಲ್ಲಿ, ಮಂಡಗದ್ದೆ ದಾಟಿ ತೋಟದ ಏರುದಾರಿಯೊಂದನ್ನು ಹತ್ತುತ್ತಿದ್ದಾಗ, ಪ್ರತಿ ತುಳಿತಕ್ಕೂ ಕಟಕಟ ಸದ್ದು ಕೇಳಿ ಪೆಡಲಿನದಿರಬೇಕೆಂದುಕೊಂಡೆ. ಇಳಿದು ನೋಡುವಷ್ಟರಲ್ಲಿ ಬಲಗಡೆಯ ಚೈನ್ ಸ್ಟೇ, ಅಂದರೆ ಬಾಟಮ್ ಬ್ರಾಕೆಟ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ, ಬ್ರಾಕೆಟ್‌ನ ಹಿಂದೆಯೇ ಬಿರಿದಿತ್ತು. ಆಗುಂಬೆ ಘಾಟಿಯ ತಿರುವಿನಲ್ಲಿ ಇಳಿಯುವಾಗ ಹೀಗಾಗಿದ್ದರೆ ಎಂಬುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಸೀಟಿನ ಕಂಬದ ಸಂದಿಯಿಂದ ಇಳಿದ ಮಳೆನೀರು ಫ್ರೇಮಿನ ಅತ್ಯಂತ ತಗ್ಗಿನ ಜಾಗವಾದ ಬಾಟಮ್ ಬ್ರಾಕೆಟ್‌ನಲ್ಲಿ ನಿಲ್ಲುತ್ತದೆ. ಅಲ್ಲಿ ನೀರು ಬಸಿಯುವ ತೂತು ಇಲ್ಲದಿದ್ದರೆ ಅಥವಾ ಕಟ್ಟಿಕೊಂಡಿದ್ದರೆ, ನಮ್ಮ ಮಳೆಗಾಲದ ತಿಂಗಳುಗಳಲ್ಲಿ ಕೊಳವೆ ಒಳಗಿನಿಂದಲೇ ಸವೆಯುತ್ತದೆ. ಮರಳು ಚಿಮ್ಮಿಸುವುದರಿಂದ ಹೊರಮೈ ಮಾತ್ರ ಶುದ್ಧವಾಗುತ್ತದೆ. ತೆಳುವಾದ ಲೋಹ ಇನ್ನಷ್ಟು ತೆಳುವಾಗುತ್ತದೆ, ಸಣ್ಣ ತೂತುಗಳನ್ನು ಪೌಡರಿನ ದಪ್ಪ ಪದರ ಮುಚ್ಚಿಬಿಡುತ್ತದೆ.

ಆದುದರಿಂದ ಬಣ್ಣದ ಮಾತಿಗೆ ಮುನ್ನ, ತುಕ್ಕು ಬಿಡಿಸುವ ಎಣ್ಣೆಯನ್ನು ದಿನಗಟ್ಟಲೆ ಊಡಿಸಿಯಾದರೂ ಸೀಟಿನ ಕಂಬವನ್ನು ಹೊರತೆಗೆಯಿರಿ. ಟಾರ್ಚ್ ಬಿಟ್ಟು ಎರಡೂ ತುದಿಗಳಿಂದ ನೋಡಿ, ಕೆಳಗಿನ ಕೊಳವೆಗಳನ್ನು ಮೊನಚಾದ ದಬ್ಬಣದಿಂದ ಒತ್ತಿ ಪರೀಕ್ಷಿಸಿ; ಎಲ್ಲಿಯಾದರೂ ತಗ್ಗಾದರೆ ಆ ಫ್ರೇಮನ್ನು ಬಿಟ್ಟುಬಿಡಿ. ಗಟ್ಟಿಯಿದ್ದರೆ ಬಣ್ಣವಾದ ಮೇಲೆ ಒಳಗೆ ಅಗಸೆ ಎಣ್ಣೆ ಹರಿಸಿ ಒಣಗಿಸಿ, ಕಂಬಕ್ಕೆ ಗ್ರೀಸ್ ಹಚ್ಚಿಯೇ ಕೂರಿಸಿ. ಟೈರ್ ಕೊಳ್ಳುವಾಗಲೂ 26 ಇಂಚು ಎಂದಷ್ಟೇ ಕೇಳಬೇಡಿ. ಈ ಸೈಕಲ್‌ಗಳ ರಿಮ್‌ನಲ್ಲಿ ಟೈರ್ ಕೂರುವ ಜಾಗದ ವ್ಯಾಸ 559 ಮಿಲಿಮೀಟರ್. 590ರ ಟೈರ್‌ಗಳೂ ಅದೇ ಹೆಸರಿನಲ್ಲಿ ಸಿಗುತ್ತವೆ, ಆದರೆ ಕೂರುವುದಿಲ್ಲ.

ಬಿರುಕಿಗೆ ಬೆಸುಗೆ ಹಾಕಿಸಬಹುದಲ್ಲ ಎಂದು ಹಲವರು ಕೇಳಿದರು. ಬೆಸುಗೆ ಹಿಡಿಯಲು ಅಕ್ಕಪಕ್ಕದಲ್ಲಿ ಗಟ್ಟಿ ಲೋಹವಿರಬೇಕು. ಆ ಕೊಳವೆಯನ್ನು ಗರಗಸದಿಂದ ಕೊಯ್ದು ನೋಡಿದಾಗ ಗೇಣುದ್ದಕ್ಕೂ ಅದು ಅಡಿಕೆ ಹಾಳೆಗಿಂತ ತೆಳುವಾಗಿತ್ತು.