ಬಲ್ಮಠದ ಪತ್ರಾಗಾರ: ಧರ್ಮ-ಸಮಾಜದ ಸಂಶೋಧಕರು ಹೋಗುವ ಮುನ್ನ

ಕರಾವಳಿಯ ಧರ್ಮ, ಮತಾಂತರ, ಮಿಷನ್ ಶಾಲೆಗಳ ಬಗ್ಗೆ ಫೆಲೋಶಿಪ್ ಪಡೆದವರಿಗೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ದೊಡ್ಡ ಆಸ್ತಿ. 1834ರಲ್ಲಿ ಬಂದ ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಕನ್ನಡ, ತುಳು ಮುದ್ರಣಗಳೇ ಇದರ ಜೀವಾಳ. ಆದರೆ ಮಿಷನರಿಗಳ ಕೈಬರಹದ ಪತ್ರ, ವರದಿಗಳ ಮುಖ್ಯ ಸಂಗ್ರಹ ಇರುವುದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. ಅದನ್ನು ಇಲ್ಲಿ ಹುಡುಕಿದರೆ ದಿನವಿಡೀ ದಂಡ. ಅಲ್ಲಿನ ಸೂಚಿ, ಹಳೆಯ ಫೋಟೊಗಳು ಆನ್‌ಲೈನಿನಲ್ಲಿವೆ. ಮೊದಲು ಅದನ್ನು ಜಾಲಾಡಿ, ಊರು, ಇಸವಿಗಳ ಪಟ್ಟಿ ಮಾಡಿಕೊಂಡೇ ಬಲ್ಮಠಕ್ಕೆ ಬನ್ನಿ. ಬಾಸೆಲ್‌ನ ಆ ಪತ್ರಗಳದ್ದು ಹಳೆಯ ಜರ್ಮನ್ ಕೂಡುಬರಹದ ಲಿಪಿ, ಭಾಷೆ ಬಲ್ಲವರೂ ತಡವರಿಸುತ್ತಾರೆ. ಫೆಲೋಶಿಪ್ ಅರ್ಜಿಯಲ್ಲೇ ಲಿಪಿ ಕಲಿಕೆಗೆ ಸಮಯ ತೋರಿಸಿ.

ಗೈಡ್ ಸಹಿಯ ಪತ್ರ, ಪೆನ್ಸಿಲ್ ಜೊತೆಗಿರಲಿ. ಮಳೆಗಾಲ ಬೇಡ: ತೇವಕ್ಕೆ ಹಳೆಯ ಹಾಳೆ ಅಂಟಿಕೊಳ್ಳುತ್ತದೆ, ಎಳೆದರೆ ಅಂಚು ಕಿತ್ತುಬರುತ್ತದೆ.

ಭೂತಾರಾಧನೆಗೆ ಮಾತ್ರ ಮಿಷನರಿ ಬರಹವೊಂದನ್ನೇ ನಂಬಲೇಬೇಡಿ. ಆಚರಣೆಯ ತುಳು ಪದಗಳ ಅರ್ಥಕ್ಕೆ ಉಡುಪಿ ಗೋವಿಂದ ಪೈ ಸಂಶೋಧನ ಕೇಂದ್ರದ 6 ಸಂಪುಟಗಳ ತುಳು ನಿಘಂಟನ್ನು ಎದುರಿಗಿಟ್ಟುಕೊಂಡೇ ಓದಿ.