ರಿಜಿಸ್ಟರ್ ಆದ ಉಯಿಲೂ ಬಿದ್ದುಹೋಗುತ್ತದೆ: ಸಾಕ್ಷಿಗಳನ್ನು ನೋಡಿ ಆರಿಸಿ

ತಾಲ್ಲೂಕು ಪಟ್ಟಣವೊಂದರಲ್ಲಿ ತಂದೆ ತಮ್ಮ ಸ್ವಯಾರ್ಜಿತ ಮನೆಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಮಗಳ ಹೆಸರಿಗೆ ಉಯಿಲು ಬರೆದಿಟ್ಟರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಯಿತು. ಮೊಹರು, ಫೋಟೊ, ಹೆಬ್ಬೆಟ್ಟು ಯಾವುದಕ್ಕೂ ಕೊರತೆಯಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಅಣ್ಣಂದಿರಿಬ್ಬರು ವಿಭಾಗದ ದಾವಾ ಹೂಡಿದರು. ಉಯಿಲು ನಿಲ್ಲಲಿಲ್ಲ. ತಾಯಿ ಮೊದಲೇ ಹೋಗಿದ್ದರಿಂದ ಮನೆ ಮೂರು ಪಾಲಾಯಿತು, ಇಡೀ ಮನೆ ಸಿಗಬೇಕಿದ್ದ ಮಗಳಿಗೆ ಒಂದು ಪಾಲು ಬಂತು.

ಎಡವಟ್ಟಾದದ್ದು ಸಾಕ್ಷಿಗಳಲ್ಲಿ. ನೆಂಟರಿಗೆ ಸುದ್ದಿ ಹೋಗಬಾರದೆಂದು ಪತ್ರ ಬರಹಗಾರರು ಕಚೇರಿಯ ಎದುರು ನಿಂತಿದ್ದ ಇಬ್ಬರನ್ನು ಕರೆದು ಸಹಿ ಹಾಕಿಸಿದ್ದರು. ದಾವಾ ನಡೆಯುವ ಹೊತ್ತಿಗೆ ಒಬ್ಬ ಸಾಕ್ಷಿ ಬದುಕಿರಲಿಲ್ಲ, ಬರಹಗಾರರೂ ಇರಲಿಲ್ಲ. ಉಳಿದವನು ಪಾಟೀಸವಾಲಿನಲ್ಲಿ ಹೇಳಿದ್ದು ಇಷ್ಟು: "ಸಹಿ ಹಾಕು ಅಂದರು, ಹಾಕಿದೆ. ಯಜಮಾನರು ಆಗ ಒಳಗಿದ್ದರು." ಆ ಎರಡು ಮಾತಿಗೆ ಉಯಿಲು ಕುಸಿಯಿತು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕನಿಷ್ಠ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಬರೆಸಿದವರು ಸಹಿ ಮಾಡಿದ್ದನ್ನು ಪ್ರತಿಯೊಬ್ಬ ಸಾಕ್ಷಿಯೂ ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಸಾಕ್ಷಿ ತನ್ನ ಸಹಿಯನ್ನು ಅವರ ಎದುರಿಗೇ ಹಾಕಬೇಕು. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಅಲ್ಲಿರಬೇಕೆಂದು ಕಾನೂನು ಹೇಳುವುದಿಲ್ಲ. ಆದರೂ ಒಟ್ಟಿಗೆ ಕೂರಿಸುವುದೇ ಕ್ಷೇಮ. ಏಕೆಂದರೆ ಕೋರ್ಟಿಗೆ ಒಬ್ಬರೇ ಬಂದರೆ, ಇನ್ನೊಬ್ಬರೂ ಹಾಗೆಯೇ ಸಹಿ ಹಾಕಿದರೆಂದು ಅವರೇ ಹೇಳಬೇಕಾಗುತ್ತದೆ. ಜಾನಕಿ ನಾರಾಯಣ ಭೋಯಿರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

"ರಿಜಿಸ್ಟರ್ ಆಗಿದೆಯಲ್ಲ" ಎಂಬ ಧೈರ್ಯವೇ ಹೆಚ್ಚು ಜನರನ್ನು ಕೆಡಿಸಿದೆ. ಸಾಕ್ಷಿ ಬೇಕಾದ ಬೇರೆ ಪತ್ರಗಳು ನೋಂದಣಿಯಾಗಿದ್ದರೆ, ಬರೆದುಕೊಟ್ಟದ್ದನ್ನೇ ನಿರ್ದಿಷ್ಟವಾಗಿ ಅಲ್ಲಗಳೆಯದ ಹೊರತು ಸಾಕ್ಷಿಯನ್ನು ಕರೆಸಬೇಕಿಲ್ಲ. ಉಯಿಲಿಗೆ ಆ ರಿಯಾಯಿತಿ ಇಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಮಿನಲ್ಲಿ ಹೀಗಿತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ. 30 ವರ್ಷ ಹಳೆಯ ಪತ್ರದ ಸಹಿ ನಿಜವೆಂದು ಕೋರ್ಟ್ ಊಹಿಸಿಕೊಳ್ಳುವ ಅನುಕೂಲವೂ ಉಯಿಲಿನ ನೆರವಿಗೆ ಬಾರದು. ಇನ್ನೊಂದು ತಪ್ಪು ತಿಳಿವಳಿಕೆ: ಪತ್ರ ಬರೆದವರೆಂದು ಸಹಿ (ಬಿಕ್ಕಲಂ) ಹಾಕಿದವರು, ಕಚೇರಿಯಲ್ಲಿ ಗುರುತು ಹೇಳಿದವರು ತಾವಾಗಿಯೇ ಉಯಿಲಿನ ಸಾಕ್ಷಿಗಳಾಗುವುದಿಲ್ಲ. ಸಾಕ್ಷಿಯಾಗಬೇಕೆಂಬ ಉದ್ದೇಶದಿಂದಲೇ ಹಾಕಿದ ಸಹಿಯಾಗಿರಬೇಕು.

ಬರೆಸಿದವರಿಗಿಂತ ವಯಸ್ಸಿನಲ್ಲಿ ಕಿರಿಯರನ್ನು, ಹತ್ತಿಪ್ಪತ್ತು ವರ್ಷದ ನಂತರವೂ ವಿಳಾಸ ಸಿಗುವವರನ್ನು, ಮನೆಯ ಪರಿಚಯ ಇರುವವರನ್ನು ಸಾಕ್ಷಿ ಮಾಡಿ. ಆರೋಗ್ಯದ ಬಗ್ಗೆ ತಕರಾರು ಬರುವ ಸಂಭವವಿದ್ದರೆ ನೋಡುತ್ತಿರುವ ವೈದ್ಯರೇ ಒಬ್ಬ ಸಾಕ್ಷಿಯಾಗಲಿ. ಆಸ್ತಿ ಪಡೆಯುವವರು ಸಾಕ್ಷಿ ಹಾಕಲೇಬಾರದು. ಕ್ರೈಸ್ತರಲ್ಲಿ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ, ಹೆಂಡತಿಗೆ ಬರೆದದ್ದು 67ನೇ ಕಲಮಿನಂತೆ ಅಸಿಂಧು. ಆ ಕಲಮು ಹಿಂದೂಗಳಿಗೆ ಅನ್ವಯಿಸದಿದ್ದರೂ ಅನುಮಾನ ಹುಟ್ಟಿಸಲು ಆಸ್ತಿ ಪಡೆಯುವವರ ಸಾಕ್ಷಿ ಸಹಿಯೇ ಸಾಕು. ಮೈಸೂರಿನಿಂದ ಹೋಗಿ 1958ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಇಂದಿಗೂ ಅಳತೆಗೋಲು: ಲಾಭ ಪಡೆಯುವವರೇ ಮುಂದೆ ನಿಂತು ಉಯಿಲು ಮಾಡಿಸಿದ್ದರೆ ಅನುಮಾನ ನಿವಾರಿಸುವ ಹೊಣೆ ಅವರದ್ದೇ. ಹಾಗಾಗಿ ಮಗಳೋ ಅಳಿಯನೋ ಬರಹಗಾರರ ಬಳಿಗೆ ಕರೆದೊಯ್ಯುವುದೂ ಬೇಡ. ಬಿಟ್ಟ ಮಕ್ಕಳ ಹೆಸರನ್ನೂ ಬಿಟ್ಟ ಕಾರಣವನ್ನೂ ಉಯಿಲಿನಲ್ಲೇ ಬರೆಯಿಸಿ.

ಮುಸ್ಲಿಮರ ಉಯಿಲಿಗೆ (ವಸಿಯತ್ತಿಗೆ) ಈ ಸಾಕ್ಷಿ ನಿಯಮವಿಲ್ಲ, ಅದರ ಲೆಕ್ಕ ಬೇರೆ.

ಬೀರುವಿನಲ್ಲಿ ಈಗಾಗಲೇ ಉಯಿಲಿದ್ದರೆ ಇವತ್ತೇ ತೆಗೆದು ಸಾಕ್ಷಿಗಳ ಹೆಸರು ನೋಡಿ. ಒಬ್ಬರು ತೀರಿಕೊಂಡಿದ್ದರೂ, ಯಾರೆಂದೇ ಗೊತ್ತಿಲ್ಲದಿದ್ದರೂ ಬರೆಸಿದವರು ಗಟ್ಟಿಯಾಗಿರುವಾಗಲೇ ಹೊಸದು ಮಾಡಿಸಿ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಹಳೆಯದರ ತಾರೀಖು, ನೋಂದಣಿ ಸಂಖ್ಯೆ ಹಾಕಿ ಅದನ್ನು ರದ್ದುಪಡಿಸಿದ್ದೇನೆಂದು ಮೊದಲ ಪುಟದಲ್ಲೇ ಬರೆಯಿಸಿ.